ಬೆಳ್ಳಿ ದರ ಇಳಿದರೆ ಅಜ್ಜನ ಬೆಳ್ಳಿ ರೂಪಾಯಿಗಳ ಬೆಲೆಯೂ ಇಳಿಯುತ್ತದಾ?

ಪ್ರಶ್ನೆ: ನಾವು ಶಿರಸಿ ಹತ್ತಿರದವರು, ಅಡಿಕೆ ತೋಟದ ಮನೆ. ಅಜ್ಜನ ಕಾಲದ ಹಿತ್ತಾಳೆ ಡಬ್ಬಿಯಲ್ಲಿ 46 ಬೆಳ್ಳಿ ರೂಪಾಯಿಗಳಿವೆ. ಹೆಚ್ಚಿನವು ವಿಕ್ಟೋರಿಯಾ ರಾಣಿ ಮತ್ತು ಐದನೇ ಜಾರ್ಜ್ ಕಾಲದವು. ಏಳೆಂಟು 1944, 1945ರವು. ಎರಡರ ಮೇಲೆ ಪೋರ್ಚುಗೀಸ್ ಅಕ್ಷರ ಇದೆ, ಇಸವಿ 1882. ಒಂದು ತಾಮ್ರದ ಆನೆ ಕಾಸೂ ಇದೆ. ಬೆಳ್ಳಿ ದರ ಏರುತ್ತಿದ್ದಾಗ ನಾನೂ ಆಸೆಗೆ ಬಿದ್ದು ಒಂದು ಗಾಂಧಿ 10 ರೂಪಾಯಿ ನಾಣ್ಯ, ಒಂದು ಹೊಸ ಸಂಸತ್ ಭವನದ 75 ರೂಪಾಯಿ ನಾಣ್ಯ ಕೊಂಡೆ. ಈಗ ದರ ಇಳಿಯುತ್ತಿದೆ. ಪೇಟೆಯ ಶೇಟ್ರು, "ಇನ್ನೂ ಇಳಿಯುತ್ತದೆ, ಎಲ್ಲಾ ತೂಕಕ್ಕೆ ಕೊಟ್ಟುಬಿಡಿ" ಎನ್ನುತ್ತಾರೆ. ತಮ್ಮ, "ಹಳೇ ನಾಣ್ಯದ ಬೆಲೆ ಯಾವತ್ತೂ ಇಳಿಯಲ್ಲ, 1862ರ ರೂಪಾಯಿಗೆ ಲಕ್ಷ ಬರುತ್ತದೆ ಅಂತ ಮೊಬೈಲಲ್ಲಿ ನೋಡಿದ್ದೇನೆ" ಎನ್ನುತ್ತಾನೆ. ಮಸ್ಕತ್‌ನಲ್ಲಿರುವ ಅಳಿಯ, "ನಾನು ಇಲ್ಲಿಗೆ ತಂದು ಮಾರುತ್ತೇನೆ" ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಿಮಗಿರುವ ಹೆದರಿಕೆ ಎರಡು. ಇಟ್ಟುಕೊಂಡರೆ ಬೆಲೆ ಇಳಿದು ನಷ್ಟವಾಗಬಹುದು. ಅವಸರದಲ್ಲಿ ಕೊಟ್ಟರೆ ಒಳ್ಳೆಯ ನಾಣ್ಯವೊಂದು ತೂಕದ ತಕ್ಕಡಿಯಲ್ಲಿ ಹೋಗಿಬಿಡಬಹುದು. ಎರಡೂ ನಿಜವಾದ ಹೆದರಿಕೆಯೇ. ಬೆಳ್ಳಿ ದರ ಜೋರಾಗಿ ಏರಿದಾಗ ಮತ್ತು ಇಳಿದಾಗ ಡಬ್ಬಿ ಹಿಡಿದುಕೊಂಡು ನನ್ನ ಹತ್ತಿರ ಬರುವವರು ಕೇಳುವುದೂ ಇದನ್ನೇ.

ಮೊದಲೇ ಹೇಳಿಬಿಡುತ್ತೇನೆ. ಶೇಟ್ರ ಮಾತು ನಿಮ್ಮ ಡಬ್ಬಿಯ ದೊಡ್ಡ ಪಾಲಿಗೆ ಸರಿಯಾಗಿಯೇ ಹೊಂದುತ್ತದೆ, ಆದರೆ ಎಲ್ಲದಕ್ಕೂ ಅಲ್ಲ. ತಮ್ಮನ ಮಾತು ಕೆಲವೇ ಕೆಲವು ನಾಣ್ಯಗಳಿಗೆ ಹೊಂದೀತು, ಆದರೆ ಅವನು ಹೇಳಿದ ನಾಣ್ಯಕ್ಕಲ್ಲ. ಅಳಿಯನ ಮಾತು ಮಾತ್ರ ಬೇಡವೇ ಬೇಡ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಬೆಳ್ಳಿ ನಾಣ್ಯದ ಬೆಲೆಯಲ್ಲಿ ಎರಡು ಭಾಗ ಇರುತ್ತದೆ. ಒಂದು, ಒಳಗಿರುವ ಬೆಳ್ಳಿಯ ಬೆಲೆ. ಇನ್ನೊಂದು, ಅದರ ಮೇಲೆ ಸಂಗ್ರಹಕಾರರು ಕೊಡುವ ಹೆಚ್ಚಿನ ಹಣ. ಬೆಳ್ಳಿ ದರ ಇಳಿದಾಗ ಮೊದಲನೆಯ ಭಾಗ ಮಾತ್ರ ನೇರವಾಗಿ ಇಳಿಯುತ್ತದೆ. ಹಾಗಾಗಿ ನಾಣ್ಯ ಎಷ್ಟು ಕುಸಿಯುತ್ತದೆ ಅನ್ನೋದು, ಅದರ ಬೆಲೆಯಲ್ಲಿ ಬೆಳ್ಳಿಯ ಪಾಲೆಷ್ಟು ಅನ್ನೋದರ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡೋಣ. 1862ರಿಂದ 1939ರವರೆಗಿನ ಬ್ರಿಟಿಷ್ ಇಂಡಿಯಾ ರೂಪಾಯಿಯ ತೂಕ 11.66 ಗ್ರಾಂ. ಅಂದರೆ ಸರಿಯಾಗಿ ಒಂದು ತೊಲ. ಹಳಬರು 'ಒಂದು ರೂಪಾಯಿ ತೂಕ' ಅಂತ ಔಷಧಿ ಅಳೆಯುತ್ತಿದ್ದುದು ಇದರಿಂದಲೇ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ, ಅಂದರೆ ಸುಮಾರು 10.69 ಗ್ರಾಂ ಅಪ್ಪಟ ಬೆಳ್ಳಿ. ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಮಾರುವ ದಿನದ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ. ಒಳಗಿನ ಬೆಳ್ಳಿಗೆ 1,069 ರೂಪಾಯಿ ಆಯಿತು. ದರ 80ಕ್ಕೆ ಇಳಿದರೆ ಅದೇ ಬೆಳ್ಳಿ 855 ರೂಪಾಯಿ. ಒಂದು ನಾಣ್ಯಕ್ಕೆ 214 ರೂಪಾಯಿ ಹೋಯಿತು. ಸಾಮಾನ್ಯ ರೂಪಾಯಿಯನ್ನು ಸಂಗ್ರಹಕಾರರು 1,250ಕ್ಕೆ ಕೊಳ್ಳುತ್ತಿದ್ದರೆ ಅವರಿಗೆ ಈ 214 ದೊಡ್ಡ ಮೊತ್ತ, ಬೆಲೆ ಕೆಳಗೆ ಬರಲೇಬೇಕು. ಆದರೆ ಅದೇ ತೂಕದ ಇನ್ನೊಂದು ನಾಣ್ಯ ಅಪರೂಪದ್ದು, 25,000ಕ್ಕೆ ಹೋಗುವಂಥದ್ದು ಅನ್ನಿ. ಅದನ್ನು ಕೊಳ್ಳುವವನು ಈ 214ರ ಬಗ್ಗೆ ಯೋಚನೆಯನ್ನೂ ಮಾಡುವುದಿಲ್ಲ.

1940ರಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ತೂಕ ಅಷ್ಟೇ, ಬೆಳ್ಳಿ ಮಾತ್ರ ನೂರಕ್ಕೆ 50. ಹಾಗಾಗಿ ನಿಮ್ಮ 1944, 1945ರ ರೂಪಾಯಿಗಳಲ್ಲಿ ಇರುವುದು 5.83 ಗ್ರಾಂ ಬೆಳ್ಳಿ ಮಾತ್ರ. ಅವನ್ನು ವಿಕ್ಟೋರಿಯಾ ರೂಪಾಯಿಗಳ ಜೊತೆ ಬೆರೆಸಿ ತಕ್ಕಡಿಗೆ ಹಾಕಬೇಡಿ. ಬೆರೆಸಿದರೆ ಅಂಗಡಿಯವರು ಸಹಜವಾಗಿಯೇ ಒಟ್ಟು ರಾಶಿಗೆ ಕಡಿಮೆ ಬೆಳ್ಳಿಯ ಲೆಕ್ಕ ಹಿಡಿಯುತ್ತಾರೆ, ನಷ್ಟ ನಿಮಗೆ. 1947ರ ರೂಪಾಯಿಯಂತೂ ಬರೀ ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ, ಬೆಳ್ಳಿಯದು ಅಂಟುವುದಿಲ್ಲ.

ಈಗ ತಮ್ಮನ 1862ಕ್ಕೆ ಬರೋಣ. ಈ ಒಂದು ಇಸವಿ ಎಷ್ಟು ಜನರಿಗೆ ಆಸೆ ಹುಟ್ಟಿಸಿದೆಯೋ! ನೂರೈವತ್ತು ವರ್ಷ ದಾಟಿದ ನಾಣ್ಯ, ಅಪರೂಪ ಇರಲೇಬೇಕು ಅಂತ ಅನ್ನಿಸುವುದು ಸಹಜ. ಆದರೆ 1862 ಅಂತ ಇರುವ ರೂಪಾಯಿಗಳೆಲ್ಲ ಆ ವರ್ಷ ಹೊಡೆದವಲ್ಲ. 1874ರವರೆಗೂ ಟಂಕಸಾಲೆಗಳು ಇಸವಿ ಬದಲಿಸದೆ 1862 ಅಂತಲೇ ಅಚ್ಚು ಹಾಕಿದವು. ಹನ್ನೆರಡು ವರ್ಷದ ರೂಪಾಯಿಗಳೆಲ್ಲ ಒಂದೇ ಇಸವಿ ಹೊತ್ತು ಹೊರಬಂದವು. ಹಾಗಾಗಿ ವಿಕ್ಟೋರಿಯಾ ರೂಪಾಯಿಗಳಲ್ಲಿ ತುಂಬ ಸುಲಭವಾಗಿ ಸಿಗುವುದು ಇದೇ. ನಮ್ಮ ಜಿಲ್ಲೆಯ ಮನೆಗಳಲ್ಲಂತೂ ಇದು ಧಾರಾಳ. ಅದೇ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದ ವರ್ಷಗಳವು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಬೊಂಬಾಯಿಗೆ ಹಡಗು ಹತ್ತುತ್ತಿತ್ತು. ಆ ವ್ಯಾಪಾರದ ರೂಪಾಯಿ ಕರಾವಳಿಗೂ ಘಟ್ಟದ ಮೇಲಕ್ಕೂ ಬಂತು.

ಹಾಗಂತ 1862ರದ್ದನ್ನೆಲ್ಲ ಕಣ್ಣು ಮುಚ್ಚಿ ಕೊಡಬೇಡಿ. ಹಿಂಬದಿಯಲ್ಲಿ ಇಸವಿಯ ಆಸುಪಾಸು ಸಣ್ಣ ಚುಕ್ಕಿಗಳಿರುತ್ತವೆ. ಕಣ್ಣಿಗೆ ಕೊಳೆಯ ಕಣದ ಹಾಗೆ ಕಾಣುತ್ತವೆ, ಭೂತಗನ್ನಡಿ ಹಿಡಿದರೆ ದುಂಡಗೆ ಎದ್ದು ಕಾಣುತ್ತವೆ. ಯಾವ ಟಂಕಸಾಲೆ, ಯಾವ ಅಚ್ಚು ಅಂತ ಸಂಗ್ರಹಕಾರರು ಬೇರ್ಪಡಿಸುವುದು ಈ ಚುಕ್ಕಿಗಳನ್ನು ಎಣಿಸಿ. ಕೆಲವು ಎಣಿಕೆಗಳು ಕಡಿಮೆ ಸಿಗುತ್ತವೆ, ಅವಕ್ಕೆ ಜಾಸ್ತಿ ಹಣ ಇದೆ. ಆದರೆ ಲಕ್ಷ ಅನ್ನುವ ಮಾತು ಬಿಟ್ಟುಬಿಡಿ.

ನಾಣ್ಯ ಅಪರೂಪ ಆಗುವುದರಲ್ಲಿ ವಯಸ್ಸಿಗಿಂತ ಬೆಳ್ಳಿಯ ದರದ ಕೈವಾಡವೇ ಜಾಸ್ತಿ. ಇದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

1870ರ ದಶಕದಿಂದ ಜಗತ್ತಿನಲ್ಲೆಲ್ಲ ಬೆಳ್ಳಿ ಬೀಳತೊಡಗಿತು. ಜರ್ಮನಿಯಂಥ ದೇಶಗಳು ಬಂಗಾರದ ನಾಣ್ಯಕ್ಕೆ ತಿರುಗಿ, ಇದ್ದ ಬೆಳ್ಳಿ ಮಾರಿದವು. ಅಮೆರಿಕದ ಗಣಿಗಳಿಂದ ಹೊಸ ಬೆಳ್ಳಿಯೂ ರಾಶಿ ರಾಶಿ ಬಂತು. ನಮ್ಮಲ್ಲಿ ಆಗ ಯಾರು ಬೇಕಾದರೂ ಬೆಳ್ಳಿ ಒಯ್ದು ಟಂಕಸಾಲೆಯಲ್ಲಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಬೆಳ್ಳಿ ಬಿದ್ದ ಹಾಗೆ ರೂಪಾಯಿಯೂ ಬಿತ್ತು. ಬ್ರಿಟನ್ನಿನ ಹಣದಲ್ಲಿ ಅದರ ಬೆಲೆ ಎರಡು ಶಿಲಿಂಗ್ (ಒಂದು ಶಿಲಿಂಗ್‌ಗೆ 12 ಪೆನ್ಸ್) ಹತ್ತಿರ ಇದ್ದದ್ದು 1893ರ ಹೊತ್ತಿಗೆ ಒಂದು ಶಿಲಿಂಗ್ ಮೂರು ಪೆನ್ಸ್‌ನ ಆಸುಪಾಸಿಗೆ ಬಂತು. ಆ ವರ್ಷದ ಜೂನ್‌ನಲ್ಲಿ ಸರಕಾರ ಜನರಿಗೆ ರೂಪಾಯಿ ಹೊಡೆದುಕೊಡುವುದನ್ನೇ ನಿಲ್ಲಿಸಿತು. ಮುಂದಿನ ಕೆಲವು ವರ್ಷ ಹೊಸ ರೂಪಾಯಿ ಬಂದದ್ದು ಕಡಿಮೆ. ಹಾಗಾಗಿ ಡಬ್ಬಿಯಲ್ಲಿ 1894ರಿಂದ 1896ರ ನಡುವಿನದ್ದು ಸಿಕ್ಕರೆ ಬೇರೆ ತೆಗೆದಿಡಿ. ಅಂದು ಬೆಳ್ಳಿ ಬಿದ್ದದ್ದೇ ಇಂದು ಆ ನಾಣ್ಯಕ್ಕೆ ಬೆಲೆ ತಂದಿದೆ.

ಮೊದಲ ಮಹಾಯುದ್ಧದಲ್ಲಿ ಇದರ ತದ್ವಿರುದ್ಧ ಆಯಿತು. ಬೆಳ್ಳಿ ಎಷ್ಟು ಏರಿತೆಂದರೆ ರೂಪಾಯಿ ಕರಗಿಸಿದರೇ ಲಾಭ ಅನ್ನುವ ಹಾಗಾಯಿತು. ಜನ ರೂಪಾಯಿ ಬಚ್ಚಿಟ್ಟರು. ಸರಕಾರ 1917ರಲ್ಲಿ ಒಂದು ರೂಪಾಯಿಯ ನೋಟು ತಂದಿತು. 1918ರಲ್ಲಿ ಅಮೆರಿಕ ಒಂದು ಕಾಯ್ದೆ ಮಾಡಿ ತನ್ನ ಬೆಳ್ಳಿ ಡಾಲರ್‌ಗಳನ್ನು ಕರಗಿಸಿತು, ಹತ್ತಿರ ಹತ್ತಿರ 20 ಕೋಟಿ ಔನ್ಸ್ (ಒಂದು ಔನ್ಸ್ ಅಂದರೆ ಸುಮಾರು 31 ಗ್ರಾಂ) ಬೆಳ್ಳಿ ಬ್ರಿಟಿಷರ ಕೈ ಸೇರಿತು. ಅದು ಇಲ್ಲಿ ರೂಪಾಯಿಯಾಗಿ ಹೊರಬಂತು. ನಿಮ್ಮ ಡಬ್ಬಿಯ ಐದನೇ ಜಾರ್ಜ್ ರೂಪಾಯಿಗಳಲ್ಲಿ 1918, 1919, 1920 ಜಾಸ್ತಿ ಇದ್ದೇ ಇರುತ್ತವೆ, ನೋಡಿ. ನೂರು ವರ್ಷ ದಾಟಿದರೂ ಅವು ಸಾಮಾನ್ಯ ನಾಣ್ಯಗಳೇ. ಸವೆದಿದ್ದರೆ ಬೆಳ್ಳಿಯ ಬೆಲೆಯೇ ಅವುಗಳ ಬೆಲೆ. ಶೇಟ್ರು ಹೇಳಿದ್ದು ಈ ನಾಣ್ಯಗಳಿಗೆ ಸರಿ.

ಐದನೇ ಜಾರ್ಜ್‌ನಲ್ಲಿ ಹುಡುಕಬೇಕಾದ ಇಸವಿ 1911. ರಾಜನ ನಿಲುವಂಗಿಯ ಮೇಲೆ ಸರದಲ್ಲಿ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಹಂದಿಯ ಮೂತಿಯ ಹಾಗೆ ಕಂಡಿತು. ಜನ ಗಲಾಟೆ ಎಬ್ಬಿಸಿದರು, ಸರಕಾರ ಹೆಚ್ಚಿನವನ್ನು ಕರಗಿಸಿತು. 1912ರಿಂದ ಸೊಂಡಿಲು ಉದ್ದವಾಯಿತು. ಆರನೇ ಜಾರ್ಜ್‌ನಲ್ಲಿ 1939 ಬಹಳ ಅಪರೂಪ. ಆದರೆ 1938ರ ಕೊನೆಯ ಅಂಕಿಯನ್ನು ತಿದ್ದಿ 9 ಮಾಡಿದವೂ ತಿರುಗಾಡುತ್ತಿವೆ. ಆ 9ರ ಹೊಟ್ಟೆಯ ಹತ್ತಿರ ಕೆರೆದ ಗುರುತು ಇದೆಯಾ ಅಂತ ಭೂತಗನ್ನಡಿ ಹಿಡಿದು ನೋಡಿ.

1882ರ ಆ ಎರಡು ನಾಣ್ಯ ಗೋವಾದ ರುಪಿಯಾ. ಮುಂಬದಿಯಲ್ಲಿ ದೊರೆ ಲೂಯಿಸ್‌ನ ಮುಖ ಇರುತ್ತದೆ. ಬ್ರಿಟಿಷ್ ರೂಪಾಯಿಯ ತೂಕ ಮತ್ತು ಬೆಳ್ಳಿಯ ಪ್ರಮಾಣಕ್ಕೇ ಹೊಡೆದದ್ದು, ಹಾಗಾಗಿ ಗಡಿಯ ಆಚೆಗೂ ಈಚೆಗೂ ಓಡಾಡುತ್ತಿತ್ತು. ಮಾಜಾಳಿ, ಸದಾಶಿವಗಡದ ಕಡೆಯ ಹಳೇ ಮನೆಗಳಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ಬೆಳ್ಳಿ ಅಷ್ಟೇ ಇದ್ದರೂ ಇವುಗಳ ಸಂಖ್ಯೆ ಬ್ರಿಟಿಷ್ ರೂಪಾಯಿಯ ಮುಂದೆ ತೀರಾ ಕಡಿಮೆ. ಪೋರ್ಚುಗೀಸ್ ನಾಣ್ಯವನ್ನೇ ಹುಡುಕಿಕೊಂಡು ಬರುವ ಸಂಗ್ರಹಕಾರರೂ ಇದ್ದಾರೆ. ಇವೆರಡನ್ನು ದಯವಿಟ್ಟು ತೂಕಕ್ಕೆ ಕೊಡಬೇಡಿ.

ಆನೆ ಕಾಸು ಟಿಪ್ಪುವಿನ ಕಾಲದ್ದಿರಬೇಕು. ನಮ್ಮ ಕರಾವಳಿಯ ಕೆನರಾ ಸೀಮೆ 1763ರಿಂದ 1799ರವರೆಗೆ ಹೈದರ್, ಟಿಪ್ಪು ಕೈಯಲ್ಲಿತ್ತಲ್ಲ. ಅದರಲ್ಲಿರುವ ತಾಮ್ರಕ್ಕೆ ಹತ್ತಾರು ರೂಪಾಯಿಯೂ ಬಾರದು. ತಾಮ್ರದ ದರ ಅರ್ಧಕ್ಕೆ ಬಿದ್ದರೂ ಈ ಕಾಸಿಗೆ ಏನೂ ಆಗದು. ಆನೆ ಎಷ್ಟು ಸ್ಪಷ್ಟವಾಗಿದೆ, ಟಂಕಸಾಲೆಯ ಹೆಸರು ಓದಲು ಬರುತ್ತದಾ ಅನ್ನುವುದರ ಮೇಲೆಯೇ ಅದರ ಬೆಲೆ. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಾರವಾರದ್ದೇ ಇದೆ. ಬನವಾಸಿ ಆಳಿದ ಚುಟುಗಳ ಕಾಲದ, ಚುಟುಕುಲಾನಂದ, ಮೂಲಾನಂದ ಎಂಬ ಹೆಸರಿನ ದಪ್ಪ ನಾಣ್ಯಗಳು ಕಾರವಾರದ ಕಡೆ ಸಿಕ್ಕಿದ್ದವು. ಅವು ಸೀಸದವು. ಗುಜರಿಯಲ್ಲಿ ಅಗ್ಗಕ್ಕೆ ಹೋಗುವ ಲೋಹ. ಆದರೆ ನಾಣ್ಯ ಬಲ್ಲವರು ಆ ಸೀಸದ ಬಿಲ್ಲೆ ಕಂಡರೆ ಉಸಿರು ಬಿಗಿಹಿಡಿದು ನೋಡುತ್ತಾರೆ.

ನೀವು ಅಡಿಕೆ ಬೆಳೆಗಾರರು, ಆದ್ದರಿಂದ ಹೀಗೆ ಹೇಳಿದರೆ ಬೇಗ ತಿಳಿದೀತು. ಮಾರುಕಟ್ಟೆ ಕುಸಿದ ದಿನ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲವೂ ಒಂದೇ ಅಳತೆಯಲ್ಲಿ ಕುಸಿಯುವುದಿಲ್ಲ. ವಿಂಗಡಿಸದೆ ಒಂದೇ ಚೀಲಕ್ಕೆ ತುಂಬಿ ಒಯ್ದವನಿಗೆ ಎಲ್ಲದಕ್ಕೂ ಕೆಳಗಿನ ದರವೇ ಸಿಗುತ್ತದೆ. ನಾಣ್ಯದ ಡಬ್ಬಿಯೂ ಅಷ್ಟೇ.

ಇನ್ನು ನೀವೇ ಕೊಂಡ ಎರಡರ ಮಾತು. ಗಾಂಧಿ 10 ರೂಪಾಯಿ, 1969ರ ಜನ್ಮಶತಾಬ್ದಿಯದ್ದು, 15 ಗ್ರಾಂ, ನೂರಕ್ಕೆ 80 ಬೆಳ್ಳಿ. ಅಂದರೆ 12 ಗ್ರಾಂ ಬೆಳ್ಳಿ. ತುಂಬ ಜನರ ಮನೆಯಲ್ಲಿ ಇರುವ ನಾಣ್ಯ ಅದು, ಬೆಳ್ಳಿಯ ಹಿಂದೆಯೇ ಏರಿಳಿಯುತ್ತದೆ. ಸಂಸತ್ ಭವನದ್ದು 35 ಗ್ರಾಂ ಇದ್ದರೂ ಅರ್ಧ ಮಾತ್ರ ಬೆಳ್ಳಿ, 17.5 ಗ್ರಾಂ. ಉಳಿದದ್ದು ತಾಮ್ರ, ನಿಕ್ಕಲ್, ಸತು. ಟಂಕಸಾಲೆ ಇಂಥ ಸ್ಮಾರಕ ನಾಣ್ಯಗಳನ್ನು ಒಳಗಿನ ಬೆಳ್ಳಿಗಿಂತ ಸಾಕಷ್ಟು ಜಾಸ್ತಿ ಬೆಲೆಗೆ ಮಾರುತ್ತದೆ. ಕೊಂಡ ದಿನವೇ ಬೆಳ್ಳಿಗೂ ಬೆಲೆಗೂ ದೊಡ್ಡ ಅಂತರ ಇತ್ತು ಅಂದಮೇಲೆ, ಈಗ ಬೆಳ್ಳಿ ಇಳಿದದ್ದರಿಂದಲೇ ನಷ್ಟವಾಯಿತು ಅನ್ನುವುದು ಸರಿಯಲ್ಲ. ಅದನ್ನು ಪೆಟ್ಟಿಗೆ, ಕಾರ್ಡು ಸಮೇತ ಹಾಗೇ ಇಡಿ. ಪೆಟ್ಟಿಗೆ ಕಳೆದರೆ ಅರ್ಧ ಬೆಲೆ ಹೋದ ಹಾಗೆ. ಮತ್ತೆ, ಇವೆರಡೂ ಭಾರತ ಸರಕಾರದ ನಾಣ್ಯ. 2011ರ ನಾಣ್ಯ ಕಾಯ್ದೆಯ ಪ್ರಕಾರ ಕರಗಿಸುವಂತಿಲ್ಲ. ಮೂಗುತಿ, ಕಾಲುಂಗುರ ಮಾಡಿಸೋಣ ಅನ್ನುವ ಯೋಚನೆ ಬೇಡ.

'ಹಳೇ ನಾಣ್ಯ ಯಾವತ್ತೂ ಇಳಿಯಲ್ಲ' ಅನ್ನುವುದೂ ನಿಜವಲ್ಲ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸ್‌ಗೆ 50 ಡಾಲರ್ ಹತ್ತಿರ ಹೋಗಿ, ಮಾರ್ಚ್‌ನಲ್ಲಿ ಪಾತಾಳಕ್ಕೆ ಬಿತ್ತು. 2011ರ ಏಪ್ರಿಲ್‌ನಲ್ಲಿ ಮತ್ತೆ 49ರ ಹತ್ತಿರ ಹೋಯಿತು, 2015ರ ಕೊನೆಗೆ 14ಕ್ಕಿಂತ ಕೆಳಗಿತ್ತು. ಅಂಥ ಶಿಖರದಲ್ಲಿ ಸಾಮಾನ್ಯ ಬೆಳ್ಳಿ ನಾಣ್ಯ ಕೊಂಡವರು ವರ್ಷಗಟ್ಟಲೆ ಕಾಯಬೇಕಾಯಿತು. ನಮ್ಮ ದೇಶದೊಳಗೆ ದರ ಬೀಳಲು ಬೇರೆ ಕಾರಣವೂ ಇರುತ್ತದೆ. 2024ರ ಜುಲೈ ಬಜೆಟ್‌ನಲ್ಲಿ ಬಂಗಾರ, ಬೆಳ್ಳಿಯ ಆಮದು ಸುಂಕವನ್ನು 15ರಿಂದ 6 ಶೇಕಡಾಕ್ಕೆ ಇಳಿಸಿದರು. ಹೊರಗೆ ಅಂಥ ಬದಲಾವಣೆ ಇಲ್ಲದಿದ್ದರೂ ಇಲ್ಲಿ ದರ ದಡಕ್ಕನೆ ಇಳಿಯಿತು. ಡಾಲರ್ ಎದುರು ನಮ್ಮ ರೂಪಾಯಿ ದುರ್ಬಲವಾದರೆ ಹೊರಗಿನ ಇಳಿತ ಇಲ್ಲಿ ಅಷ್ಟಾಗಿ ಕಾಣುವುದೂ ಇಲ್ಲ. ನಾಳೆ ದರ ಎತ್ತ ಹೋಗುತ್ತದೆ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ದರ ಇಳಿಯುವ ಕಾಲದಲ್ಲಿ ನಾಣ್ಯದ ಅಂಗಡಿಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಅವರು ಕೊಳ್ಳುವ ಬೆಲೆ ಅವತ್ತೇ ಇಳಿಯುತ್ತದೆ. ಮಾರುವ ಬೆಲೆ ಇಳಿಯಲು ತಿಂಗಳುಗಳೇ ಬೇಕು. ಮೇಲಿನ ದರದಲ್ಲಿ ಕೊಂಡ ಮಾಲು ಅವರ ಕಪಾಟಿನಲ್ಲಿ ಇರುತ್ತದಲ್ಲ, ಅದಕ್ಕೆ. ಹಾಗಾಗಿ ಇಳಿಯುತ್ತಿರುವಾಗ ಅವಸರದಿಂದ ಮಾರುವವರಿಗೇ ಹೆಚ್ಚು ಪೆಟ್ಟು. ಸಂಗ್ರಹಕ್ಕೆ ಕೊಳ್ಳುವವರಿಗೆ ಸ್ವಲ್ಪ ಕಾದರೆ ಅನುಕೂಲ. ಅಪರೂಪದ ನಾಣ್ಯಕ್ಕೂ ಒಂದು ಅಪಾಯ ಇದೆ. ಬೆಳ್ಳಿ, ಶೇರು, ಜಮೀನು ಎಲ್ಲ ಒಟ್ಟಿಗೆ ಬಿದ್ದರೆ ಅದನ್ನು ಕೊಳ್ಳುವವರ ಜೇಬೇ ಬರಿದಾಗುತ್ತದೆ. ಬೆಲೆ ಇಳಿಯಿತು ಅಂತ ಯಾರೂ ಹೇಳುವುದಿಲ್ಲ, ಗಿರಾಕಿ ಮಾತ್ರ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಇಸವಿ ಪ್ರಕಾರ ವಿಂಗಡಿಸಿ. ಪ್ರತಿಯೊಂದನ್ನೂ ತೂಗಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಶಾಂಶ ತೋರಿಸುವ ಸಣ್ಣ ತಕ್ಕಡಿ ಸಾಕು. ಚೆನ್ನಾಗಿರುವ ನಾಣ್ಯವೂ 11.66ಕ್ಕಿಂತ ತೀರಾ ಕಡಿಮೆ ತೂಗಿದರೆ, ಅಥವಾ ಜಾಸ್ತಿ ತೂಗಿದರೆ, ಅದು ನಕಲಿ ಇರಬಹುದು. ಕುಣಿಕೆ ಬೆಸೆದು ಸರಕ್ಕೆ ಹಾಕಿದ್ದವು, ತೂತು ಮಾಡಿದವು, ಮುಖ ಪೂರ್ತಿ ಸವೆದವು, ಇವೆಲ್ಲ ಒಂದು ಕಡೆ. ಇವಕ್ಕೆ ಬೆಳ್ಳಿಯ ಬೆಲೆಯಷ್ಟೇ. ಹಣದ ತುರ್ತು ಇದ್ದರೆ ಇವನ್ನು ಶೇಟ್ರಿಗೇ ಕೊಡಿ. ಆದರೆ ಅವತ್ತಿನ ದರ ಮೊದಲೇ ನೋಡಿಕೊಂಡು ಹೋಗಿ, ಕರಗಿಸುವ ಖರ್ಚಿಗೆ ಎಷ್ಟು ಹಿಡಿಯುತ್ತೀರಿ ಅಂತ ಬಾಯಿ ಬಿಟ್ಟು ಕೇಳಿ, ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿ. ತುರ್ತು ಇಲ್ಲದಿದ್ದರೆ ಇಟ್ಟುಕೊಳ್ಳಿ. ಇನ್ನೂ ಇಳಿದರೆ ಅಷ್ಟು ನಷ್ಟ, ಏರಿದರೆ ಅಷ್ಟು ಲಾಭ. ಇದು ಬೆಳ್ಳಿ ಗಟ್ಟಿ ಇಟ್ಟುಕೊಂಡ ಹಾಗೇ, ಬೇರೆ ಗುಟ್ಟಿಲ್ಲ.

ಮೂಗು, ಕೆನ್ನೆ, ಕಿರೀಟದ ಗೆರೆ ಚೆನ್ನಾಗಿ ಉಳಿದಿರುವ ಸಾಮಾನ್ಯ ಇಸವಿಗಳನ್ನು ಈಗ ಮಾರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೆಳ್ಳಿ ಏರಿದಾಗ ಎಲ್ಲರೂ ತಂದು ಸುರಿಯುತ್ತಾರೆ, ಆಗ ಸಂಗ್ರಹಕಾರರು ಕೊಡುವ ಹೆಚ್ಚುವರಿ ಹಣ ಕರಗಿಹೋಗುತ್ತದೆ. ಬೆಳ್ಳಿ ಇಳಿದು ನಿಂತಮೇಲೆ ಅದು ನಿಧಾನಕ್ಕೆ ಹಿಂದೆ ಬರುತ್ತದೆ. ಗೋವಾದ ಎರಡು, ಆನೆ ಕಾಸು, ಮೇಲೆ ಹೇಳಿದ ಇಸವಿಯದ್ದು ಏನಾದರೂ ಸಿಕ್ಕರೆ ಅದು, ಇಷ್ಟನ್ನು ಬೆಂಗಳೂರಿನ ನಾಣ್ಯ ಮೇಳದಲ್ಲೋ ಹರಾಜು ಸಂಸ್ಥೆಯಲ್ಲೋ ಕನಿಷ್ಠ ಇಬ್ಬರಿಗೆ ತೋರಿಸಿ. ಹರಾಜಿನಲ್ಲಿ ಕಮಿಷನ್ ಹೋಗುತ್ತದೆ, ಹಣ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ, ಕೆಲವೊಮ್ಮೆ ಮಾರಾಟವೇ ಆಗದೆ ವಾಪಸ್ ಬರುತ್ತದೆ. ಇದಕ್ಕೆಲ್ಲ ತಯಾರಿದ್ದರೆ ಮಾತ್ರ ಆ ದಾರಿ.

ಮೊಬೈಲಿನಲ್ಲಿ ಲಕ್ಷ ಕೊಡುತ್ತೇವೆ ಅನ್ನುವವರು ಮೊದಲು ನಿಮ್ಮಿಂದಲೇ ನೋಂದಣಿ ಶುಲ್ಕ, ತೆರಿಗೆ ಅಂತ ಹಣ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ತಮ್ಮನಿಗೆ ಇದನ್ನು ತಪ್ಪದೆ ಹೇಳಿ.

ಏನೇ ಮಾಡಿ, ತೊಳೆಯಬೇಡಿ. ಹುಣಸೆಹಣ್ಣು, ಲಿಂಬು, ಬೂದಿ, ಹಲ್ಲುಜ್ಜುವ ಪೇಸ್ಟ್ ಯಾವುದೂ ಬೇಡ. ದೇವರ ಸಾಮಾನು ಬೆಳಗುವ ಕೈಗೆ ಕಪ್ಪಾದ ನಾಣ್ಯ ಕಂಡರೆ ಸುಮ್ನೆ ಇರಲಾಗುವುದಿಲ್ಲ, ನನಗೆ ಗೊತ್ತು. ಆದರೆ ಬೆಳಗಿದ ನಾಣ್ಯವನ್ನು ಭೂತಗನ್ನಡಿಯಡಿ ಓರೆ ಹಿಡಿದರೆ ಕೆನ್ನೆಯ ಮೇಲೆಲ್ಲ ಕೂದಲಿನಷ್ಟು ತೆಳು ಗೀರು ಕಾಣುತ್ತದೆ. ಅದು ಕಂಡ ಕೂಡಲೇ ಸಂಗ್ರಹಕಾರ ನಾಣ್ಯ ಕೆಳಗಿಡುತ್ತಾನೆ. ಬೆಳ್ಳಿ ದರ ಇಳಿದು ಆಗುವ ನಷ್ಟ ಮುಂದೊಂದು ದಿನ ತುಂಬಿ ಬರಬಹುದು, ಈ ನಷ್ಟ ತುಂಬಿ ಬರುವುದಿಲ್ಲ. ನಮ್ಮ ಮಳೆಗಾಲದ ತೇವಕ್ಕೆ ಕಪ್ಪಾಗುವುದು ಸಹಜ. ಒಂದೊಂದನ್ನೇ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ ಇಡಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಯನ್ನು ಇನ್ನಷ್ಟು ಕಪ್ಪು ಮಾಡುತ್ತದೆ.

ಕೊನೆಗೆ ಅಳಿಯನ ಮಾತು. ನೂರು ವರ್ಷ ದಾಟಿದ ನಾಣ್ಯವನ್ನು ನಮ್ಮ ಕಾನೂನು ಪುರಾತನ ವಸ್ತು ಎಂದು ಪರಿಗಣಿಸುತ್ತದೆ. 1972ರ ಕಾಯ್ದೆಯ ಪ್ರಕಾರ ಖಾಸಗಿಯವರು ಅದನ್ನು ದೇಶದ ಹೊರಗೆ ಒಯ್ಯುವಂತಿಲ್ಲ. ವಿಕ್ಟೋರಿಯಾ ರೂಪಾಯಿ, ಗೋವಾದ ರುಪಿಯಾ, ಆನೆ ಕಾಸು, ಯುದ್ಧಕಾಲದ ಐದನೇ ಜಾರ್ಜ್ ಎಲ್ಲವೂ ಇದರೊಳಗೆ ಬರುತ್ತವೆ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ನಾಣ್ಯವೂ ಹೋಗುತ್ತದೆ, ಅಳಿಯನ ಮೇಲೆ ಕೇಸೂ ಬೀಳುತ್ತದೆ. ಮುಂದಿನ ರಜೆಗೆ ಅವರು ಊರಿಗೆ ಬಂದಾಗ ನಾಣ್ಯಗಳ ಎರಡೂ ಬದಿಯ ಫೋಟೊ ತೆಗೆಸಿ, ತೂಕ ಬರೆದ ನೋಟ್‌ಬುಕ್ಕಿನ ಜೊತೆ ನನಗೆ ಕಳಿಸಿ. ಬಿಸಿಲಿನ ಬೆಳಕು ಪಕ್ಕದಿಂದ ಬೀಳುವ ಹಾಗೆ ತೆಗೆಯಲಿ, ಫ್ಲಾಷ್ ಬೇಡ. 1862ರವುಗಳ ಚುಕ್ಕಿಗಳು ಎಣಿಸಲು ಬರುವಷ್ಟು ಹತ್ತಿರದಿಂದ ಇರಲಿ.